ಕೇಳದವರಿಗೆ ಮುಂದಿನ ವಾರ

ನಮ್ಮೂರಿನ ಪ್ರಾಥಮಿಕ ಶಾಲೆಯ ವಾರದ ಹಾಳೆಯನ್ನು ಬರೆಯುವವನು ನಾನು. ಮೊದಲು ಬೇರೊಂದು ಊರಿನ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದೆ. ಪತ್ರಿಕೆ ನಿಂತುಹೋಯಿತು. ಇಲ್ಲಿನ ಮುಖ್ಯೋಪಾಧ್ಯಾಯಿನಿ, ಹೆಡ್ ಅಕ್ಕೋರು ಸುಲೋಚನಾಬಾಯಿ, ನನ್ನನ್ನು ಕನ್ನಡ ಕಲಿಸಲು ಕರೆದರು, ಜೊತೆಗೆ ಹಾಳೆಯನ್ನೂ ವಹಿಸಿದರು. ಊರಿನವರು ನನ್ನನ್ನು ಪೇಪರ್ ಮಾಸ್ತರ ಎನ್ನುತ್ತಾರೆ. ಹಾಳೆಯಲ್ಲಿ ದೊಡ್ಡ ಸುದ್ದಿ ಏನೂ ಇರುವುದಿಲ್ಲ. ಯಾವ ದಿನ ಉಗುರು ನೋಡುತ್ತಾರೆ, ಯಾವ ದಿನ ಗುಳಿಗೆ ಕೊಡುತ್ತಾರೆ, ಯಾರ ಚಪ್ಪಲಿ ಸಿಕ್ಕಿದೆ, ಯಾವ ತರಗತಿಯವರು ಏನು ತರಬೇಕು, ಇಷ್ಟೇ. ಆದರೂ ದಿನ, ಹೆಸರು ತಪ್ಪಬಾರದು. ಮಂಗಳವಾರದ ಬದಲು ಸೋಮವಾರ ಎಂದು ಬರೆದರೆ ಇಡೀ ತರಗತಿ ಹುಣಸೆ ಬೀಜ ಹಿಡಿದುಕೊಂಡು ಬಂದು ಪೆಚ್ಚಾಗಿ ನಿಲ್ಲುತ್ತದೆ.

ಹಾಳೆ ಮನೆಮನೆಗೆ ಹೋಗುವುದಕ್ಕೆ ಮೊದಲು, ಶನಿವಾರ ಶಾಲೆ ಬಿಡುವ ಹೊತ್ತಿಗೆ, ಒಂದು ಮಗು ಮೆಟ್ಟಿಲ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದುತ್ತದೆ. ಓದು ಮುಗಿದ ಮೇಲೆ ಒಂದು ಮಾತು ಹೇಳುವುದು ಪದ್ಧತಿ: "ಕೇಳಿದವರಿಗೆ ನಮಸ್ಕಾರ, ಕೇಳದವರಿಗೆ ಮುಂದಿನ ವಾರ." ಏಕೆಂದರೆ ನಮ್ಮೂರಿನಲ್ಲಿ ಆಡಿದ ಮಾತು ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಆಡಿದ ಜಾಗದಿಂದಲೇ ಒಮ್ಮೆ ಮರಳಿ ಬರುತ್ತದೆ. ಸ್ವಲ್ಪ ಸಣ್ಣಗೆ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಬರೆಯುವಾಗ ನಾನು ಮರುದನಿ ಎನ್ನುತ್ತೇನೆ. ಊರಿನವರು ಹಳೇ ಮಾತು ಎನ್ನುತ್ತಾರೆ. ಮರುದನಿಗೆ ಮರುದನಿ ಇಲ್ಲ. ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ. ಕಾಲುವೆ ದಾಟಿದರೆ ಇದ್ಯಾವುದೂ ಇಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಮಂಗಳವಾರ ಅತ್ತೆಯೊಂದಿಗೆ ಜಗಳವಾಡಿದ ಸೊಸೆ ಮುಂದಿನ ಮಂಗಳವಾರ ಆ ಹೊತ್ತಿಗೆ ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತಾಳೆ. ಅತ್ತೆ ನೆರೆಹೊರೆಯವರನ್ನು ಕರೆದು ಕೂರಿಸಿಕೊಳ್ಳುತ್ತಾಳೆ. ಶಾಲೆಯಲ್ಲಿ ಕಳೆದ ವಾರದ ಮಗ್ಗಿ ಮರಳಿ ಬರುವ ಹೊತ್ತಿಗೆ ಅಕ್ಕೋರು ಸುಮ್ಮನೆ ಕುಳಿತು ಮಕ್ಕಳಿಗೆ ಕೇಳಿಸುತ್ತಾರೆ; ವೇಳಾಪಟ್ಟಿಯಲ್ಲಿ ಅದನ್ನು ಪುನರಾವರ್ತನೆ ಎಂದು ಬರೆದಿರುತ್ತದೆ. ನಾನೂ ಹಾಳೆಯಲ್ಲಿ ಕೆಲವೊಮ್ಮೆ ಹೀಗೆ ಬರೆಯಬೇಕಾಗುತ್ತದೆ: "ಕಳೆದ ಶನಿವಾರ ಗೇಟಿನ ಬಳಿ ಹೆಡ್ ಅಕ್ಕೋರ ಬಗ್ಗೆ ಮಾತಾಡಿದ ಪಾಲಕರು ಈ ಶನಿವಾರ ತುಸು ತಡವಾಗಿ ಬರಬಹುದು." ಹಳೆಯ ಓದು ಹೊಸ ಓದಿನ ಮೇಲೆ ಬೀಳಬಾರದೆಂದು ಒಂದು ವಾರ ಶಾಲೆ ಬಿಡುವ ಗಂಟೆಗೆ ಮುಂಚೆ, ಇನ್ನೊಂದು ವಾರ ಗಂಟೆಯಾದ ಮೇಲೆ ಓದಿಸುತ್ತೇವೆ. ಯಾರಾದರೂ ತೀರಿಕೊಂಡರೆ ಮನೆಯವರು ಒಂದು ವಾರ ಒಲೆ ಹಚ್ಚದೆ, ಬಾಗಿಲು ತೆರೆದಿಟ್ಟು, ಸತ್ತವರ ಕೊನೆಯ ವಾರವನ್ನು ಕೇಳುತ್ತ ಕೂರುತ್ತಾರೆ. ಅದಕ್ಕೆ ವಾರ ಕೂಡುವುದು ಎಂದು ಹೆಸರು. ಅಕ್ಕಪಕ್ಕದವರು ಅಡುಗೆ ಕಳಿಸುತ್ತಾರೆ, ಮಾತು ಕಡಿಮೆ ಮಾಡುತ್ತಾರೆ.

ಹೊರಗಿನಿಂದ ಬಂದವನಾದ್ದರಿಂದ ನನಗೆ ಒಂದು ಸಂಗತಿ ಬೇಗ ಕಾಣಿಸಿತು. ಈ ಊರಿನಲ್ಲಿ ಮೊದಲ ಸಲ ಯಾರೂ ಏನನ್ನೂ ಕೇಳುವುದಿಲ್ಲ. ಮಗು ಮೆಟ್ಟಿಲ ಮೇಲೆ ಓದುತ್ತಿರುತ್ತದೆ, ಪಾಲಕರು ಗೇಟಿನ ಬಳಿ ತಮ್ಮ ಹರಟೆಯಲ್ಲಿರುತ್ತಾರೆ. "ಬರೂ ವಾರ ಕೇಳಿದ್ರಾತು ಬಿಡ್ರಿ" ಎನ್ನುತ್ತಾರೆ. ಬರುವ ವಾರ ಉಗುರು ನೋಡುವ ಸೋಮವಾರ ಮುಗಿದಿರುತ್ತದೆ. ಹಳಸಿದ ಸುದ್ದಿಯನ್ನು ಇಷ್ಟು ಗಮನವಿಟ್ಟು ಕೇಳುವ ಓದುಗರನ್ನು ನಾನು ಪತ್ರಿಕೆಯಲ್ಲಿದ್ದಾಗ ಎಂದೂ ಕಂಡಿರಲಿಲ್ಲ.

ಕಸ್ತೂರಿ ಮೂರನೇ ಇಯತ್ತೆಯ ಹುಡುಗಿ; ಇಲ್ಲಿ ತರಗತಿಗೆ ಇಯತ್ತೆ ಎನ್ನುತ್ತಾರೆ. ತಾಯಿ ನೀಲವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾಳೆ. ಊರಿನ ಮದುವೆಗಳಿಗೆಲ್ಲ ಅವಳದೇ ರೊಟ್ಟಿ. ತಂದೆ ಫಕೀರಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಗಿರಣಿಯ ಸದ್ದಿನಲ್ಲಿ ಅವನ ಕಿವಿ ಹೋಗಿ ಬಹಳ ಕಾಲವಾಗಿದೆ. ಎಡಗಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಕೇಳಿಸುತ್ತದೆ. ಕಿವುಡರು ಮಾತಾಡುವಂತೆ ಅವನೂ ಜೋರಾಗಿ ಮಾತಾಡುತ್ತಾನೆ. ಫಕೀರಪ್ಪನ ಹಳೇ ಮಾತು ನಮ್ಮ ಹೊಸಾ ಮಾತಿಗಿಂತ ಜೋರು ಎಂದು ಓಣಿಯವರು ನಗುತ್ತಾರೆ. ಅವನಿಗೆ ಮಾತ್ರ ಮರುದನಿ ಎಂಬುದಿಲ್ಲ. ಊರಿಗೆಲ್ಲ ಪ್ರತಿ ದಿನ ಎರಡು ಸಲ ನಡೆದರೆ ಅವನಿಗೆ ಒಂದೇ ಸಲ ನಡೆಯುತ್ತದೆ.

ಆ ಶನಿವಾರ ಕಸ್ತೂರಿಯ ಮೊದಲ ಓದು. ಗಂಟೆಗೆ ಮುಂಚಿನ ವಾರ. ನಾನು ಜಗಲಿಯಲ್ಲಿ ಕುಳಿತು ಮುಂದಿನ ಹಾಳೆಗೆ ವಿಷಯ ಗುರುತು ಮಾಡುತ್ತಿದ್ದೆ. ಅವಳು ಎಲ್ಲೂ ನಿಲ್ಲದೆ ಓದಿದಳೆಂಬುದು ನೆನಪಿದೆ. ನೀಲವ್ವ ಬಂದಿರಲಿಲ್ಲ. ಫಕೀರಪ್ಪ ಮೈಯೆಲ್ಲ ಹಿಟ್ಟಾಗಿದ್ದವನು ಗೇಟಿನ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ. ಓದು ಮುಗಿಸಿ, ಪದ್ಧತಿಯ ಮಾತು ಹೇಳಿ, ಅವಳು ಹಾಳೆಯಿಂದ ತಲೆ ಎತ್ತಿ ಅಪ್ಪನ ಕಡೆ ನೋಡಿ ಇನ್ನೇನೋ ಅಂದಳು. ತುಟಿ ಆಡಿದ್ದನ್ನು ನಾನು ಕಂಡೆ. ಫಕೀರಪ್ಪ ಹೂಂ ಎಂದು ತಲೆಯಾಡಿಸಿದ. ಹೆಡ್ ಅಕ್ಕೋರು ಗಂಟೆ ಬಾರಿಸಿದರು, ಮಕ್ಕಳು ಗೇಟಿಗೆ ಓಡಿದರು.

ಭಾನುವಾರ ಅವಳಿಗೆ ಜ್ವರ ಬಂತು. ಸೋಮವಾರ ಕಾಲುವೆಯಾಚೆಯ ಆಸ್ಪತ್ರೆಗೆ ಸಾಗಿಸಿದರು. ಬುಧವಾರ ತೀರಿಕೊಂಡಳು. ಆಸ್ಪತ್ರೆಯಲ್ಲಿ ಆಡಿದ ಮಾತು ಯಾವುದೂ ಮರಳಿ ಬರುವಂಥದ್ದಲ್ಲ. ಬುಧವಾರ ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಡುವ ದಿನವಾಗಿತ್ತು. ಅವಳು ಓದಿದ ಹಾಳೆಯಲ್ಲಿ, ಆ ದಿನ ಮಕ್ಕಳು ಹೊಟ್ಟೆ ತುಂಬ ಉಂಡು ಬರಬೇಕು ಎಂದು ಬರೆದಿದ್ದೆ.

ಶುಕ್ರವಾರ ಸಂಜೆ ನಾನು ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಒಲೆಯಲ್ಲಿ ಬೂದಿ ಇತ್ತು. ನೀಲವ್ವ ಅದರ ಮುಂದೆ ಕುಳಿತಿದ್ದಳು, ಪಕ್ಕದಲ್ಲಿ ಫಕೀರಪ್ಪ. ಅವನು ಒಲೆಯ ಕಡೆ ನೋಡುತ್ತಿರಲಿಲ್ಲ. ಹೆಂಡತಿಯ ಬಲಗೈಯನ್ನೇ ನೋಡುತ್ತಿದ್ದ.

"ಬರ್ರಿ ಮಾಸ್ತರ, ಕುಂದರ್ರಿ" ಎಂದಳು ನೀಲವ್ವ. "ಆಕಿ ಸಾಲಿಯಿಂದ ಬರೂ ಹೊತ್ತಾತು."

ನಾನು ಹೊಸ್ತಿಲ ಬಳಿ ಕುಳಿತೆ. ತುಸು ಹೊತ್ತಿನಲ್ಲಿ ಖಾಲಿ ಮೂಲೆಯಿಂದ ಪಾಟಿಚೀಲ ಬಿದ್ದ ಸದ್ದು ಬಂತು. ನೀಲವ್ವ ಕೈ ಎತ್ತಿದಳು. ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಅದರ ನಡುವೆ ಕಸ್ತೂರಿಯ ದನಿ.

"ಯವ್ವಾ, ಇಲ್ಲಿ ನೋಡ. ನಾ ಓದ್ತೀನಿ, ನೀ ಕೇಳ. ಪಾಲಕರ ಗಮನಕ್ಕೆ. ಸೋಮವಾರ ಉಗುರು ತಪಾ... ತಪಾಸಣೆ. ಯವ್ವಾ, ತಪಾಸಣೆ ಅಂದ್ರೇನ?"

"ನೋಡೂದು ಅಂದಂಗ. ಅತ್ತಾಗ ಸರಿ ಚಿನ್ನಾ, ಒಲಿ ಐತಿ." ಇದು ನೀಲವ್ವನದೇ ದನಿ, ಕಳೆದ ಶುಕ್ರವಾರದ್ದು.

"ಹಂಗಂದ್ರ ನೋಡೂದು ಅಂತನ ಬರೀಬೇಕಿಲ್ಲ? ಪೇಪರ್ ಮಾಸ್ತರಿಗೆ ಬರಿಯಾಕ ಬರೂದಿಲ್ಲ."

"ಹಂಗ ಅನ್ನಬಾರದು. ಬರೂ ಶುಕ್ರವಾರ ಅವರೇನರ ಓಣ್ಯಾಗ ಬಂದ್ರ ಕೇಳಿಸಿಕೊಂಡಾರು."

ಕಳೆದ ವಾರದ ನಗು ಒಲೆಯ ಸುತ್ತ ಕೇಳಿಸಿತು. ಇಬ್ಬರದೂ. ಈ ವಾರದ ನೀಲವ್ವ ನನ್ನ ಕಡೆ ನೋಡಲಿಲ್ಲ.

"ನಾಳಿ ನೀ ಸಾಲಿಗೆ ಬರ್ತೀಯಿಲ್ಲ?"

"ನಾಳಿ ಮದಿವಿ ಮನಿಗೆ ರೊಟ್ಟಿ ಕೊಡೂದೈತೆವ್ವಾ. ಅಪ್ಪ ಬರ್ತಾನ."

"ಅಪ್ಪಗ ಎಲ್ಲಿ ಕೇಳ್ತೈತಿ?"

"ಅಂವ ನೋಡ್ತಾನ. ನಾ ಬರೂ ಶನಿವಾರ ಕೇಳ್ತೀನಿ. ಹಳೇ ಮಾತು ಬರೂ ಹೊತ್ತಿಗೆ ಇಬ್ರೂ ಕೂಡಿ ಅಲ್ಲೇ ನಿಂತು ಕೇಳೂಣು. ಆತಿಲ್ಲ?"

"ಖರೇ ಬರಬೇಕ ಮತ್ತ."

"ಖರೇ."

ರೊಟ್ಟಿ ಬಡಿಯುವ ಸದ್ದು ಮುಂದುವರಿಯಿತು. ನೀಲವ್ವ ಕೈ ಇಳಿಸಿದಳು. ಕೈ ಇಳಿದದ್ದೇ ತಡ, ಫಕೀರಪ್ಪ ಕೇಳಿದ: "ಬಂತೇನ? ಏನಂದ್ಲು?" ಅಷ್ಟು ಸಣ್ಣ ಮನೆಯಲ್ಲಿ ಅವನ ದನಿ ತುಂಬಿಹೋಯಿತು. ಗುರುವಾರದಿಂದ ಅವರು ಹೀಗೆಯೇ ವಾರ ಕೂತಿದ್ದರು. ಮಗಳ ದನಿ ಬಂದಾಗ ಅವಳು ಕೈ ಎತ್ತುವುದು, ಹೋದಾಗ ಇಳಿಸುವುದು, ಆಮೇಲೆ ಅವನು ಕೇಳುವುದು, ಅವಳು ಅವನ ಕಿವಿಗೆ ಬಾಯಿ ಹಚ್ಚಿ ಹೇಳುವುದು. ಈಗಲೂ ಹೇಳಿದಳು. ಪೇಪರ್ ಮಾಸ್ತರಿಗೆ ಬರೆಯಲು ಬರುವುದಿಲ್ಲ ಎಂದದ್ದನ್ನೂ ಬಿಡಲಿಲ್ಲ. "ಹಿಂದಾಗಡೆ, ಬರೂ ಶನಿವಾರ ಸಾಲ್ಯಾಗ ಕೂಡಿ ಕೇಳೂಣು ಅಂದ್ವಿ" ಎಂದು ಮುಗಿಸಿದಳು.

ಫಕೀರಪ್ಪ ನನ್ನ ಕಡೆ ತಿರುಗಿದ. "ಮಾಸ್ತರ, ನೀವು ಅವತ್ತ ಅಲ್ಲೇ ಇದ್ರಿ. ಓದಿ ಮುಗಿಸಿದ ಮ್ಯಾಲ ನನ್ನ ಕಡೆ ನೋಡಿ ಏನೋ ಅಂದ್ಲು. ಏನಂದ್ಲು?"

"ಕೇಳಿಸಲಿಲ್ಲ" ಎಂದು ತಲೆ ಅಲ್ಲಾಡಿಸಿದೆ.

"ನನಗೂ ಕೇಳ್ಲಿಲ್ಲ. ಆದ್ರ ನಾ ಹೂಂ ಅಂತ ಗೋಣು ಹಾಕಿದೆ. ಕೂಸು ಏನೋ ಕೇಳಿತ್ತು, ನಾ ಹೂಂ ಅಂದೆ. ಏನಕ್ಕ ಹೂಂ ಅಂದ್ನೋ ಗೊತ್ತಿಲ್ಲ. ಮನಿಗೆ ಬರ್ತಾ ದಾರ್ಯಾಗ ಕೇಳಬೇಕಂತ ಇದ್ದೆ. ಗಿರಣಿಯಿಂದ ಕರಿಯಾಕ ಬಂದ್ರು, ಹೋದೆ. ರಾತ್ರಿ ಬರೂದರಾಗ ಮಲಗಿತ್ತು." ಅವನ ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. "ಏನರ ಬೇಡಿತ್ತೇನೋ. ಕೊಡ್ತೀನಂತ ತಿಳಕೊಂಡು ಹೋತೇನೋ."

ನೀಲವ್ವ ಹೇಳಿದಳು: "ಮಾಸ್ತರ, ನಾಳಿ ಆಕಿ ಓದೂ ಹೊತ್ತಿಗೆ ಊರು ಗದ್ದಲ ಮಾಡಬಾರದು. ಅಷ್ಟು ಹಾಳ್ಯಾಗ ಬರೀರಿ. ನಾ ಆಕಿಗೆ ಮಾತು ಕೊಟ್ಟೀನಿ."

ಪತ್ರಿಕೆಯವರ ಅಭ್ಯಾಸ ಹೋಗುವುದಿಲ್ಲ. ಅಲ್ಲಿಂದ ಹೊರಟವನು, ಆ ಶನಿವಾರ ಶಾಲೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದೆ. ಕಸ್ತೂರಿ ಕೊನೆಗೆ ಏನಂದಳು? ಮೂರನೇ ಇಯತ್ತೆಯ ಅಕ್ಕೋರು ಹೇಳಿದರು, ಹಸಿವಾಗಿದೆ ಅಂದಿರಬೇಕು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಹೇಳಿದಳು, ಐಸ್ ಕ್ಯಾಂಡಿ ಕೇಳಿದಳು. ಒಬ್ಬ ಪಾಲಕರು, ಹೆಗಲ ಮೇಲೆ ಹೊತ್ತುಕೊಂಡು ಹೋಗು ಅಂದಳು ಎಂದರು. ಇನ್ನೊಬ್ಬರು, ಅವಳು ಏನೂ ಅನ್ನಲೇ ಇಲ್ಲ ಎಂದರು. ನಾಲ್ವರಲ್ಲಿ ಯಾರೂ ಕೇಳಿರಲಿಲ್ಲ ಎಂಬುದಷ್ಟೇ ಖಚಿತ. ಎಲ್ಲರೂ ಬರುವ ವಾರ ಕೇಳುವವರಿದ್ದರು.

ಹೆಡ್ ಅಕ್ಕೋರು ಒಂದು ವಿಶೇಷ ಹಾಳೆ ತೆಗೆಯಲು ಒಪ್ಪಿದರು. ಶನಿವಾರ ಬೆಳಗ್ಗೆಯೇ ಅದನ್ನು ಹಂಚಿದೆವು. ಹೀಗೆ ಬರೆದಿದ್ದೆ: "ಇಂದು ಶಾಲೆ ಬಿಡುವ ಗಂಟೆಗೆ ಮುಂಚೆ ದಿವಂಗತ ಕಸ್ತೂರಿಯ ಓದು ಮರಳಿ ಬರಲಿದೆ. ಅವಳ ತಾಯಿ ಅದನ್ನು ಮೊದಲ ಸಲ ಕೇಳುತ್ತಿದ್ದಾರೆ. ಆ ಹೊತ್ತಿಗೆ ಶಾಲೆಯ ಸುತ್ತ ಸದ್ದು ಮಾಡಬಾರದೆಂದು ವಿನಂತಿ." ಹೆಡ್ ಅಕ್ಕೋರು ಓದಿ, ಇಷ್ಟೇ ಸಾಕೇನ್ರೀ ಎಂದರು. ಸಾಕು ಎಂದೆ.

ಗಿರಣಿಯ ಮಾಲೀಕ ಮಲ್ಲೇಶಪ್ಪ ಹಾಳೆ ಹಿಡಿದುಕೊಂಡು ಶಾಲೆಗೇ ಬಂದ. "ಏನ್ರೀ ಮಾಸ್ತರ, ಮೊದಲ ನನ್ನ ಗಿರಣಿ ನಿಂದರಸಬೇಕಂತ ನೇರ ಬರೀಬಾರದೇನು? ಸುತ್ತ ಸದ್ದು ಅಂತ ಬರದ್ರ ನಾ ಏನು ತಿಳ್ಕೊಬೇಕು? ಸದ್ದು ಅಂದ್ರ ಈ ಊರಾಗ ನಾನ ಅಲ್ಲೇನ?" ಎಂದು ರೇಗಿದ. ನಿಲ್ಲಿಸುತ್ತೀರಾ ಎಂದು ಕೇಳಿದೆ. "ಮುಂಜಾನೆನ ಗಿರಣಿ ಪಟ್ಟಾ ಬಿಚ್ಚಿಸೀನಿ. ಆ ಕೂಸು ದಿನಾ ಬುತ್ತಿ ತಗೊಂಡು ಬರ್ತಿತ್ತು ಅಪ್ಪಗ. ನಿಮಗ್ಯಾಕ ಅದೆಲ್ಲಾ" ಎಂದು ಬಂದ ಹಾಗೇ ಹೋದ.

ಮಧ್ಯಾಹ್ನ ಆಗುವ ಹೊತ್ತಿಗೆ ಶಾಲೆಯ ಅಂಗಳ ತುಂಬಿತ್ತು. ಜನ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಬಂದಿದ್ದರು. ಬಳೆ ತೊಟ್ಟ ಹೆಂಗಸರು ಮೊಣಕೈತನಕ ಸೆರಗು ಸುತ್ತಿಕೊಂಡಿದ್ದರು. ಚಹಾದಂಗಡಿಯವನು ಒಲೆಯನ್ನೇ ಆರಿಸಿದ್ದ. ಬಸ್ಸಿನ ಡ್ರೈವರ್ ತಿರುವಿನಲ್ಲಿ ಇಂಜಿನ್ ಬಂದ್ ಮಾಡಿ ನಿಲ್ಲಿಸಿದ್ದ. ಒಳಗಿದ್ದ ಪ್ರಯಾಣಿಕರೂ ಸುಮ್ಮನಿದ್ದರು. ಸ್ವಲ್ಪ ಹೊತ್ತಿಗೆ ಕಳೆದ ವಾರದ ಹಾರ್ನು ಖಾಲಿ ರಸ್ತೆಯ ಮೇಲೆ ಬಂದು ಹೋಯಿತು. ಕಳೆದ ವಾರದ ಹರಟೆ ಗೇಟಿನ ಬಳಿ ಶುರುವಾಯಿತು. ಹರಟಿದವರು ಅಲ್ಲೇ ನಿಂತಿದ್ದರು, ತಮ್ಮ ದನಿ ಕೇಳಿ ತಲೆ ತಗ್ಗಿಸಿದರು.

ನೀಲವ್ವ ಮೆಟ್ಟಿಲ ಎದುರು ನಿಂತಳು. ಫಕೀರಪ್ಪ ಅವಳ ಎಡಕ್ಕೆ, ನಾನು ಬಲಕ್ಕೆ, ಕೈ ಚಾಚಿದರೆ ತಾಕುವಷ್ಟು ದೂರದಲ್ಲಿ. ಓದು ಶುರುವಾದಾಗ ನೀಲವ್ವ ಕೈ ಎತ್ತಿದಳು.

"ಪಾಲಕರ ಗಮನಕ್ಕೆ. ಸೋಮವಾರ ಉಗುರು ತಪಾಸಣೆ." ತಡೆಯಿಲ್ಲದೆ ಬಂತು. ನೀಲವ್ವನ ಮುಖದಲ್ಲಿ ಒಂದು ಚಿಕ್ಕ ನಗೆ ಮೂಡಿತು. "ಮಂಗಳವಾರ ಎರಡನೇ ಇಯತ್ತೆಯವರು ಲೆಕ್ಕಕ್ಕಾಗಿ ಹುಣಸೆ ಬೀಜ ತರಬೇಕು. ಬುಧವಾರ ಗುಳಿಗೆ ಕೊಡಲಾಗುವುದು, ಎಲ್ಲ ಮಕ್ಕಳು ಹೊಟ್ಟೆ ತುಂಬ ಉಂಡು ಬರಬೇಕು. ಗುರುವಾರ ಮೂರನೇ ಇಯತ್ತೆಯವರಿಗೆ ಪದ್ಯ ಬಾಯಿಪಾಠ. ಸಿಕ್ಕ ವಸ್ತುಗಳು: ಎಡಗಾಲಿನ ಒಂದು ಚಪ್ಪಲಿ, ಬುತ್ತಿ ಡಬ್ಬಿಯ ಒಂದು ಮುಚ್ಚಳ. ಕಳಕೊಂಡವರು ಹೆಡ್ ಅಕ್ಕೋರನ್ನು ಕಾಣಬೇಕು." ನಾನೇ ಬರೆದ ವಾಕ್ಯಗಳು. ಇಡೀ ಊರು ಅವನ್ನು ಹೀಗೆ ಕೇಳಿದ್ದು ಅದೇ ಮೊದಲು. "ಕೇಳಿದವರಿಗೆ ನಮಸ್ಕಾರ, ಕೇಳದವರಿಗೆ ಮುಂದಿನ ವಾರ."

ಇಲ್ಲಿಂದ ಮುಂದಿನದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಪದ್ಧತಿಯ ಮಾತು ಮುಗಿಯುತ್ತಲೇ ನೀಲವ್ವನ ಕೈ ಇಳಿಯಿತು. ಅವಳು ಇಳಿಸಿದ್ದಲ್ಲ; ಅಷ್ಟು ಹೊತ್ತು ಎತ್ತಿ ಹಿಡಿದದ್ದು ತಾನಾಗಿ ಜಾರಿತು. ಫಕೀರಪ್ಪ ಗುರುವಾರದಿಂದ ಆ ಕೈಯನ್ನೇ ನೋಡಿದವನು. ಕೈ ಇಳಿಯಿತು, ಅವನು ಕೇಳಿದ: "ಬಂತೇನ? ಏನಂದ್ಲು?"

ಗಿರಣಿಯಲ್ಲಿ ಮಾತಾಡುವಷ್ಟೇ ಜೋರಾಗಿ ಕೇಳಿದ. ನೀಲವ್ವ ತಿರುಗಿ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಕಳೆದ ವಾರದ ಗಂಟೆ ಹೊಡೆಯಿತು. ಆಮೇಲೆ ಮಕ್ಕಳು ಓಡಿದ ಸದ್ದು ಅಂಗಳದ ತುಂಬ ಬಂತು. ಆ ಮಕ್ಕಳೆಲ್ಲ ಕಲ್ಲಿನಂತೆ ನಿಂತಿದ್ದರು.

ಫಕೀರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನು ಹೆಂಡತಿಯ ಕೈಯನ್ನು ತನ್ನ ಬಾಯಿಂದ ತೆಗೆದು, ತಾನೇ ತನ್ನ ಕೈ ಇಟ್ಟುಕೊಂಡ. ಹಿಂದಿನಿಂದ ಒಬ್ಬಳು, "ಕಿವುಡ ಮನಷಾನ್ನ ಕರಕೊಂಡು ಬರಬಾರದಾಗಿತ್ತು" ಎಂದಳು. ಹೆಡ್ ಅಕ್ಕೋರು ಅವಳನ್ನು ದಿಟ್ಟಿಸಿ ನೋಡಿದರು. ಆ ಮಾತೂ ಮುಂದಿನ ವಾರ ಬರುತ್ತದೆಂದು ಅವಳಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ವಾರವೆಲ್ಲ ನೀಲವ್ವ ಗಂಡನೊಂದಿಗೆ ಮಾತಾಡಲಿಲ್ಲ ಎಂದು ಓಣಿಯವರು ಹೇಳಿದರು. ಬುಧವಾರಕ್ಕೆ ವಾರ ಕೂಡುವುದು ಮುಗಿಯಿತು, ಒಲೆ ಹಚ್ಚಿದಳು, ರೊಟ್ಟಿ ಬಡಿದಳು. ಬುತ್ತಿ ಕಟ್ಟಿ ಹೊಸ್ತಿಲಲ್ಲಿ ಇಡುತ್ತಿದ್ದಳು, ಅವನು ಎತ್ತಿಕೊಂಡು ಹೋಗುತ್ತಿದ್ದ. ಕಿವುಡನೊಂದಿಗೆ ಮಾತು ಬಿಡುವುದು ಸುಲಭ. ಅವನ ಕಿವಿಯ ಹತ್ತಿರ ಹೋಗದಿದ್ದರೆ ಆಯಿತು.

ಮುಂದಿನ ಶನಿವಾರ ಮತ್ತೆ ಗಂಟೆಗೆ ಮುಂಚಿನ ಓದು. ಓದುವವಳು ಐದನೇ ಇಯತ್ತೆಯ ರಜಿಯಾ. ನಾನು ಹಾಳೆಯನ್ನು ಬೇಕೆಂದೇ ಚಿಕ್ಕದು ಮಾಡಿದ್ದೆ; ಫಕೀರಪ್ಪನ ಪ್ರಶ್ನೆ ಮರಳುವ ಮುಂಚೆ ಹುಡುಗಿ ಓದಿ ಮುಗಿಸಿ ಇಳಿಯಲಿ ಎಂದು. ಫಕೀರಪ್ಪ ಬಂದು ಅದೇ ಜಾಗದಲ್ಲಿ ನಿಂತ. ಹೆಡ್ ಅಕ್ಕೋರು ಹತ್ತಿರ ಹೋಗಿ ಅವನ ಎಡಗಿವಿಗೆ ಕೂಗಿದರು: "ಫಕೀರಪ್ಪಾ, ಕೂಸಿನ ಮಾತು ಇನ್ನ ಬರೂದಿಲ್ಲೋ. ಈಗ ಬರೂದು ನಿಂದ."

"ಗೊತ್ತೈತ್ರಿ ಅಕ್ಕೋರ" ಎಂದ. "ನಂದರ ಬರ್ತೈತಲ್ಲ. ಒಂಟಿ ಬಿಡಬಾರದು ಅದನ್ನ."

ನೀಲವ್ವ ಅವನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಮನೆಗೆ ಕರೆದೊಯ್ಯಲೆಂದೇ ಬಂದವಳು, ಆದರೆ ರಜಿಯಾ ಓದುತ್ತಿದ್ದಳು, ಓದುವಾಗ ಮುಂದೆ ಹಾದುಹೋಗಬಾರದೆಂದು ಗೇಟಿನ ಬಳಿ ನಿಂತಳು. "ಕೇಳಿದವರಿಗೆ ನಮಸ್ಕಾರ, ಕೇಳದವರಿಗೆ ಮುಂದಿನ ವಾರ" ಎಂದು ರಜಿಯಾ ಮೆಟ್ಟಿಲಿಳಿದಳು. ಕಳೆದ ವಾರ ಊರೆಲ್ಲ ಸುಮ್ಮನಿದ್ದ ಹೊತ್ತು ಅದು. ಮರಳಿ ಬರುವ ಸದ್ದೇ ಇರಲಿಲ್ಲ. ಆ ನಿಶ್ಶಬ್ದದಲ್ಲಿ, ಫಕೀರಪ್ಪ ನಿಂತ ಜಾಗದಿಂದಲೇ, ಅವನ ಬಾಯಿ ಮುಚ್ಚಿದ್ದ ಹಾಗೆಯೇ, ಬಂತು:

"ಬಂತೇನ? ಏನಂದ್ಲು?"

ಅವನಿಗೆ ಕೇಳಿಸಲಿಲ್ಲ. ಮೆಟ್ಟಿಲ ಕಡೆ ನೋಡುತ್ತಲೇ ಇದ್ದ. ನಮ್ಮೆಲ್ಲರಿಗೂ ಕೇಳಿಸಿತು. ಗೇಟಿನಿಂದ ನೀಲವ್ವ ನಡೆದು ಬಂದಳು. ಹಿಟ್ಟಿನ ಕೈಯನ್ನು ಅವನ ಹೆಗಲ ಮೇಲಿಟ್ಟು, ಕಿವಿಗೆ ಬಾಯಿ ಹಚ್ಚಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು:

"ಬಂತು! ಅಪ್ಪಾ, ನಾ ಛಲೋ ಓದಿದ್ನೇನ, ಅಂದ್ಲು!"

ಫಕೀರಪ್ಪ ತಿರುಗಿದ. "ನಿನಗ ಕೇಳ್ತೇನ?"

"ಕೇಳ್ತು. ನೀ ಒದರೂದಕ್ಕ ಮೊದಲ ಬಂದಿತ್ತು."

"ಮತ್ತ ಒಂದು ವಾರ ಯಾಕ ಹೇಳ್ಲಿಲ್ಲ?"

"ಸಿಟ್ಟಿಗೆ."

"ನನ್ನ ಮ್ಯಾಲಿನ ಸಿಟ್ಟಿಗೆ?"

"ಈ ಕೈ ಮ್ಯಾಲಿಂದು" ಎಂದು ಅವಳು ಬಲಗೈ ಎತ್ತಿ ತೋರಿಸಿದಳು.

ಅವನು ಆ ಕೈಯನ್ನು ನೋಡಿದ. ಮತ್ತೆ ಕೇಳಿದ, ಈ ಸಲ ಅವನ ಮಟ್ಟಿಗೆ ಮೆಲ್ಲಗೆ: "ಛಲೋ ಓದಿದ್ನೇನ ಅಂದ್ಲು?"

"ಹೌದು. ನೀ ಹೂಂ ಅಂದಿ."

"ನಾ ಹೂಂ ಅಂದೆ."

"ಬರೋಬ್ಬರಿ ಅಂದಿ. ನಡಿ ಇನ್ನ, ಹಂಚು ಒಲಿ ಮ್ಯಾಲ ಐತಿ."

ಅವರು ಹೋದ ಮೇಲೆ ಹೆಡ್ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು. "ಖರೇ ಹೇಳ್ರಿ ಮಾಸ್ತರ. ನೀವು ಆಕಿ ಮಗ್ಗಲಕ್ಕ ಇದ್ರಿ. ಬಂದಿತ್ತೇನು?"

ಪದ್ಧತಿಯ ಮಾತು ಮುಗಿದದ್ದಕ್ಕೂ ಫಕೀರಪ್ಪ ಕೂಗಿದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ನೀಲವ್ವ ಹೇಳಿದ್ದು, ನಾನು ವಿಚಾರಿಸಿದ ನಾಲ್ವರಲ್ಲಿ ಯಾರೂ ಹೇಳಿರದ ಮಾತು. ಪತ್ರಿಕೆಯಲ್ಲಿದ್ದಾಗ ನಾನು ಅಂಥ ವಾಕ್ಯವನ್ನು ಹೊಡೆದುಹಾಕುತ್ತಿದ್ದೆ. "ನನಗೆ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು ಅಂತ ಹೇಳಿದ್ದಾರೆ" ಎಂದೆ.

"ಹಂಗ ಬರೀರಿ ಹಾಳ್ಯಾಗ" ಎಂದರು ಹೆಡ್ ಅಕ್ಕೋರು.

ಬರೆದೆ. ಸೋಮವಾರ ಹಲ್ಲು ತಪಾಸಣೆ ಎಂಬುದರಲ್ಲಿ ತಪಾಸಣೆಯನ್ನು ಹೊಡೆದು, ಸೋಮವಾರ ಹಲ್ಲು ನೋಡುತ್ತಾರೆ ಎಂದು ತಿದ್ದಿದೆ. ಯಾರು ಬಣ್ಣದ ಕಾಗದ ತರಬೇಕು, ಯಾವ ವಸ್ತು ಸಿಕ್ಕಿದೆ, ಇವುಗಳ ಕೆಳಗೆ ಇದನ್ನು ಸೇರಿಸಿದೆ: "ಮೂರನೇ ಇಯತ್ತೆಯ ಕಸ್ತೂರಿ ಓದಿನ ಕೊನೆಗೆ, ತಾನು ಚೆನ್ನಾಗಿ ಓದಿದೆನೇ ಎಂದು ತಂದೆಯನ್ನು ಕೇಳಿದ್ದಾಗಿ ತಾಯಿ ನೀಲವ್ವ ತಿಳಿಸಿದ್ದಾರೆ. ತಂದೆ ಹೌದೆಂದು ತಲೆಯಾಡಿಸಿದ್ದನ್ನು ಹಲವರು ಕಂಡಿದ್ದಾರೆ." ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ.

ಅದರ ಮುಂದಿನ ಶನಿವಾರ ಪಾಲಕರು ಎಂದಿಗಿಂತ ಹೆಚ್ಚು ಬಂದಿದ್ದರು. ಗಂಟೆಯಾದ ಮೇಲಿನ ಹೊಸ ಓದನ್ನು ಮೊದಲ ಸಲವೇ ಕೇಳಬೇಕೆಂದು ಬಂದವರು. ಅದು ಬಹಳ ದಿನ ನಡೆಯಲಿಲ್ಲ; ಈಗ ಮತ್ತೆ ಗೇಟಿನ ಬಳಿ ಹರಟುತ್ತಾರೆ. ಆ ದಿನ ಗಂಟೆಗೆ ಮುಂಚೆ ಫಕೀರಪ್ಪ, ನೀಲವ್ವ ಒಟ್ಟಿಗೇ ಬಂದು ಮೆಟ್ಟಿಲ ಎದುರು ನಿಂತರು. ಅವನು ಮುಖ ತೊಳೆದುಕೊಂಡು, ಹುಬ್ಬಿನ ಹಿಟ್ಟನ್ನೂ ಒರೆಸಿಕೊಂಡು ಬಂದಿದ್ದ. ರಜಿಯಾಳ ಹಳೆಯ ಓದು ಬಂದು ಮುಗಿಯಿತು. ನೀಲವ್ವ ಕೈ ಎತ್ತಿದಳು.

ಪ್ರಶ್ನೆ ಬರಲಿಲ್ಲ. ಮರುದನಿಗೆ ಮರುದನಿ ಇಲ್ಲ. ಉತ್ತರ ಮಾತ್ರ ಬಂತು, ಸಣ್ಣಗೆ, ಅವರಿಬ್ಬರ ನಡುವಿನಿಂದ: "ಬಂತು! ಅಪ್ಪಾ, ನಾ ಛಲೋ ಓದಿದ್ನೇನ, ಅಂದ್ಲು!" ನೀಲವ್ವನದೇ ದನಿ. ಗೋಡೆಯಾಚೆಯಿಂದ ಬಂದಂತೆ ತೆಳ್ಳಗಾಗಿತ್ತು. ಅವಳು ಕಣ್ಣು ಮುಚ್ಚಿ ಅದನ್ನು ಕೇಳಿದಳು. ಅದರ ಬೆನ್ನಿಗೆ ಬಂದ ಅವರಿಬ್ಬರ ಉಳಿದ ಮಾತೂ ಮುಗಿದ ಮೇಲೆ ಕೈಯನ್ನು ನಿಧಾನವಾಗಿ, ತಾನೇ ಇಳಿಸಿದಳು.

ಕೈ ಇಳಿದದ್ದನ್ನು ಫಕೀರಪ್ಪ ನೋಡಿದ. ಏನೂ ಕೇಳಲಿಲ್ಲ. ಮಗಳು ನಿಂತಿದ್ದ ಮೆಟ್ಟಿಲ ಕಡೆ ತಿರುಗಿ, ಹೂಂ ಎಂದು ತಲೆಯಾಡಿಸಿದ.